ಉತ್ತರ ಕನ್ನಡದ ಘಟ್ಟದ ಮೇಲಣ ಸೀಮೆಯಲ್ಲಿ ಸಂತಾನಹೀನತೆ: ಜ್ವರ, ಆಹಾರ ಮತ್ತು ಪುರುಷ

ಹಳಿಯಾಳ, ದಾಂಡೇಲಿ, ಮುಂಡಗೋಡ ಮತ್ತು ಹಿಂದೆ ಸೂಪಾ ಎಂದು ಕರೆಯಲ್ಪಡುತ್ತಿದ್ದ ಜೋಯಿಡಾ ಸೀಮೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಾಡಿನ ಚರಿತ್ರೆಯನ್ನೇ ಬರೆದಿದ್ದಾರೆ. ತೇಗ, ಬಿದಿರು, ಕಾಳೀ ನದಿ ಇವುಗಳಿಗೆ ದೊರೆತ ಗಮನವು ಅಲ್ಲಿನ ಮನೆಗಳಿಗೆ ದೊರೆತಿಲ್ಲ. 1901ರ ಗಣತಿಯಲ್ಲಿ 4,54,490 ಇದ್ದ ಜಿಲ್ಲೆಯ ಜನಸಂಖ್ಯೆಯು 1921ರ ವೇಳೆಗೆ ಸುಮಾರು ನಾಲ್ಕು ಲಕ್ಷಕ್ಕೆ ಇಳಿಯಿತು. ಮಲೇರಿಯಾ, 1918ರ ಇನ್‌ಫ್ಲುಯೆಂಜಾ, ವಲಸೆ ಇವೇ ಇದಕ್ಕೆ ಮುಖ್ಯ ಕಾರಣಗಳೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸತ್ತವರನ್ನೂ ಊರು ಬಿಟ್ಟವರನ್ನೂ ಎಣಿಸಿದ ಮೇಲೆ ಹುಟ್ಟದೆ ಹೋದವರ ಪ್ರಶ್ನೆ ಉಳಿಯುತ್ತದೆ. ಆ ಪ್ರಶ್ನೆಯನ್ನು ಇದುವರೆಗೆ ಹೆಂಗಸಿನ ಕಡೆಗೆ ಮುಖಮಾಡಿಯೇ ಕೇಳುತ್ತ ಬರಲಾಗಿದೆ. ಅದನ್ನು ಗಂಡಸಿನ ಕಡೆಗೂ ತಿರುಗಿಸುವುದು ಈ ಲೇಖನದ ಉದ್ದೇಶ.

ನಮ್ಮ ಆಡುಮಾತೇ ಇಲ್ಲಿ ಒಂದು ಸಾಕ್ಷ್ಯ. ‘ಬಂಜೆ’ ಎಂಬ ಪದ ಸ್ತ್ರೀಲಿಂಗದಲ್ಲಿದೆ. ಅದಕ್ಕೆ ಸಮನಾಗಿ ಬಳಕೆಯಲ್ಲಿರುವ ಪುಲ್ಲಿಂಗ ಪದವಿಲ್ಲ. ‘ಷಂಡ’ ಎಂಬುದು ಬೇರೆಯೇ ದೋಷದ ಹೆಸರು. ದಾಂಪತ್ಯಸುಖಕ್ಕೆ ಕೊರತೆಯಿಲ್ಲದ ಪುರುಷನೂ ಸಂತಾನಕ್ಕೆ ಅಸಮರ್ಥನಾಗಿರಬಹುದೆಂಬ ಅರ್ಥ ಅದರಲ್ಲಿಲ್ಲ. ಆದುದರಿಂದ ಹರಕೆ ಹೊತ್ತವಳು, ಅಶ್ವತ್ಥಕಟ್ಟೆಯನ್ನು ಸುತ್ತಿದವಳು, ಕೊನೆಗೆ ಸವತಿಯನ್ನು ಕಂಡವಳು ಹೆಂಗಸೇ. ಶಾಸ್ತ್ರವಾದರೋ ಇಷ್ಟು ಏಕಪಕ್ಷೀಯವಾಗಿರಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು; ಸುಶ್ರುತಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯವು ಶುಕ್ರದ ದೋಷಗಳನ್ನೂ ಆರ್ತವದ ದೋಷಗಳನ್ನೂ ಒಟ್ಟಿಗೇ ವಿಚಾರಿಸುತ್ತದೆ. ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಕಾಣುವ ‘ಅಪುತ್ರಿಕ’ ಎಂಬ ಮಾತು ಮಕ್ಕಳಿಲ್ಲದೆ ಸತ್ತ ಗಂಡಸಿನ ಸ್ವತ್ತಿಗೆ ಸಂಬಂಧಿಸಿದುದು. ಅರಸನ ಬೊಕ್ಕಸಕ್ಕೆ ಅವನು ಗೊತ್ತಿದ್ದನು, ವೈದ್ಯನಿಗೂ ಗೊತ್ತಿದ್ದನು. ಊರಿನ ಬಾಯಿಗೆ ಮಾತ್ರ ಅವನು ಬೀಳಲಿಲ್ಲ!

ಇನ್ನು ಜ್ವರದ ವಿಷಯ. ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಕೆನರಾ ಸಂಪುಟವು (1883) ಈ ಕಾಡುಸೀಮೆಯ ಜ್ವರವನ್ನು ಉಲ್ಲೇಖಿಸುತ್ತದೆ. ಅದನ್ನು ಹರಡುತ್ತಿದ್ದುದು ತಿಳಿನೀರಿನ ಹಳ್ಳಗಳಲ್ಲಿ ಬೆಳೆಯುವ ಅನಾಫಿಲೀಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಮಲೇರಿಯಾ ಗರ್ಭಿಣಿಗೆ ರಕ್ತಹೀನತೆಯನ್ನೂ ಗರ್ಭಪಾತವನ್ನೂ ತರುತ್ತದೆಂಬುದು ಸುಪರಿಚಿತ. ಪುರುಷನ ಮೇಲೆ ಅದರ ಪರಿಣಾಮವೇನು? ವೃಷಣಗಳು ತಮ್ಮ ಕಾರ್ಯಕ್ಕೆ ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಂಟಿಗ್ರೇಡಿನಷ್ಟು ತಂಪನ್ನು ಬೇಡುತ್ತವೆ. ವೀರ್ಯಾಣು ಸಿದ್ಧವಾಗಲು ಸುಮಾರು 74 ದಿನಗಳು ಬೇಕು. ಹೀಗಿರಲು ತೀವ್ರ ಜ್ವರವೊಂದು ಬಂದುಹೋದರೆ ಅದರ ಪರಿಣಾಮ ಆಗಲೇ ತೋರದೆ, ಕೆಲವು ವಾರಗಳ ಅನಂತರ ವೀರ್ಯಾಣುಗಳ ಸಂಖ್ಯೆಯೂ ಚಲನಶಕ್ತಿಯೂ ಕುಗ್ಗಿ, ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದು ಸಲ ಬಂದ ಜ್ವರ ಅಷ್ಟೇನೂ ದೊಡ್ಡದಲ್ಲ. ಆದರೆ ಜ್ವರವು ಮರುಕಳಿಸುತ್ತಲೇ ಇದ್ದ ಊರಿನಲ್ಲಿ, ಒಂದರ ಪರಿಣಾಮ ಕಳೆಯುವುದರೊಳಗೆ ಇನ್ನೊಂದು ಬರುತ್ತಿದ್ದ ಮನೆಯಲ್ಲಿ, ಗಂಡನ ಪಾಲನ್ನು ಲೆಕ್ಕಕ್ಕೆ ಹಿಡಿಯದೆ ಜನನದ ಕೊರತೆಯನ್ನು ವಿವರಿಸಹೊರಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಆಹಾರದ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಜೋಯಿಡಾದ ಕುಣಬಿಗಳು ಕುಮರಿ ಬೇಸಾಯದ ರಾಗಿಯಿಂದಲೂ ಗೆಡ್ಡೆಗೆಣಸುಗಳಿಂದಲೂ ಜೀವಿಸುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರವು ಕುಮರಿಗೆ ಕಟ್ಟುಪಾಡು ವಿಧಿಸಿದಾಗ ಈ ಜೀವನಕ್ರಮಕ್ಕೆ ಪೆಟ್ಟು ಬಿದ್ದಿತು. ಹಸಿವೆಯು ಪುರುಷನನ್ನು ಏನು ಮಾಡುತ್ತದೆಂಬುದಕ್ಕೆ ದೂರದ ನಿದರ್ಶನವೊಂದುಂಟು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬವರು 1944–45ರಲ್ಲಿ 36 ಮಂದಿ ಆರೋಗ್ಯವಂತ ಯುವಕರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದಾಗ, ಅವರಲ್ಲಿ ಕಾಮಾಸಕ್ತಿ ಬಹುಮಟ್ಟಿಗೆ ನಂದಿಹೋಯಿತು. ಅವರು ಸ್ವಂತ ಇಚ್ಛೆಯಿಂದ ಬಂದವರು. ನಮ್ಮ ಕಾಡಂಚಿನವರಿಗೆ ಆ ಆಯ್ಕೆ ಇರಲಿಲ್ಲ. ಸತುವಿನಂಥ ಅಂಶಗಳ ಕೊರತೆಯೂ ವೀರ್ಯೋತ್ಪತ್ತಿಯನ್ನು ಕುಂದಿಸುತ್ತದೆ. ಹಾಗೆಂದು ಯಾವುದೋ ಒಂದು ಬೇರನ್ನೋ ಲೇಹ್ಯವನ್ನೋ ತಿಂದರೆ ಸಂತಾನವಾಗುವುದೆಂಬ ಮಾತಿಗೆ ಆಧಾರವಿಲ್ಲ. ಊಟವು ಒಟ್ಟಾಗಿ ಸಾಕಷ್ಟಿದೆಯೇ ಎಂಬುದೇ ಮುಖ್ಯ. ಧೂಮಪಾನವೂ ಅತಿಯಾದ ಮದ್ಯಪಾನವೂ ಹಾನಿಕರವೆಂಬುದು ಸ್ಥಿರಪಟ್ಟಿದೆ. 1878ರ ಮುಂಬಯಿ ಅಬಕಾರಿ ಕಾಯಿದೆಯ ಅನಂತರದ ದಾಖಲೆಗಳನ್ನು ನಾವು ವರಮಾನದ ಲೆಕ್ಕವಾಗಿ ಮಾತ್ರ ಓದಿದ್ದೇವೆ. ಅವನ್ನು ದೇಹದ ಲೆಕ್ಕವಾಗಿಯೂ ಓದಬಹುದು.

1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಮೊದಲಾಯಿತು. ಜ್ವರ ಇಳಿಯಿತು; 1961ರ ಗಣತಿಯ ವೇಳೆಗೆ ಜಿಲ್ಲೆಯ ಜನಸಂಖ್ಯೆ ಆರು ಲಕ್ಷವನ್ನು ದಾಟಿತು. ಈ ಏರಿಕೆಯಲ್ಲಿ ಹೊರಗಿನಿಂದ ಬಂದವರ ಪಾಲೂ ಇದೆ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ತಲೆಯೆತ್ತಿತು, ಕೂಲಿಯನ್ನರಸಿ ಜನ ಬಂದರು. ಮರಣ ತಗ್ಗಿದುದೆಷ್ಟು, ಜನನ ಹೆಚ್ಚಿದುದೆಷ್ಟು ಎಂದು ಬಿಡಿಸಲು ಜಿಲ್ಲೆಯ ಮೊತ್ತ ಸಾಲದು. ಗ್ರಾಮವಾರು ಜನನ-ಮರಣ ರಿಜಿಸ್ಟರುಗಳನ್ನು ಸಿಂಪಡಣೆಯ ವರ್ಷದ ಹಿಂದುಮುಂದುಗಳೊಂದಿಗೆ ಹೋಲಿಸಬೇಕು. ಜ್ವರದ ತಿಂಗಳುಗಳು ಕಳೆದು ಎಷ್ಟು ಕಾಲದ ಮೇಲೆ ಜನನಗಳು ಕುಗ್ಗುತ್ತಿದ್ದುವೆಂಬುದನ್ನು ಅಲ್ಲಿ ಹುಡುಕಬಹುದು. ಹಳಿಯಾಳ ಮತ್ತು ಸೂಪಾದ ಕಾಡುಹಳ್ಳಿಗಳಿಂದ ಆರಂಭಿಸಿ, ಬಯಲು ಹೆಚ್ಚಾಗಿರುವ ಮುಂಡಗೋಡದ ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಳ್ಳುವುದು ಅನುಕೂಲವೆಂದು ನಮಗೆ ತೋರುತ್ತದೆ.