ಕಾಮಗಾರಿ ಗುತ್ತಿಗೆಗಳಲ್ಲಿ ನಷ್ಟಭರ್ತಿ ಷರತ್ತು

ಕಾಮಗಾರಿ ಗುತ್ತಿಗೆಯಲ್ಲಿ ಒಬ್ಬ ಪಕ್ಷಗಾರನಿಗೆ ಒದಗಬಹುದಾದ ನಷ್ಟವನ್ನು ಮತ್ತೊಬ್ಬನು ತುಂಬಿಕೊಡುವುದಾಗಿ ಒಪ್ಪುವ ಷರತ್ತಿಗೆ ನಷ್ಟಭರ್ತಿ ಷರತ್ತು ಎಂದು ಹೆಸರು. ಸಾಮಾನ್ಯವಾಗಿ ಈ ಹೊಣೆ ಬೀಳುವುದು ಗುತ್ತಿಗೆದಾರನ ಮೇಲೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರಸ್ತೆ, ಕಾಲುವೆ, ಶಾಲಾ ಕೊಠಡಿಗಳ ಕಾಮಗಾರಿಗೂ ಮಹಾನಗರಗಳ ಬೃಹತ್ ಕಟ್ಟಡಗಳಿಗೂ ಈ ವಿಷಯದಲ್ಲಿ ಮೂಲ ಕಾನೂನು ಒಂದೇ: 1872ರ ಭಾರತೀಯ ಕರಾರು ಅಧಿನಿಯಮ.

ಈ ಅಧಿನಿಯಮದ 124ನೆಯ ಕಲಮು ನಷ್ಟಭರ್ತಿ ಕರಾರನ್ನು ವ್ಯಾಖ್ಯಾನಿಸುತ್ತದೆ. 125ನೆಯ ಕಲಮು ಭರವಸೆ ಪಡೆದವನ ಹಕ್ಕುಗಳನ್ನು ಹೇಳುತ್ತದೆ. ಹಣ ಕೈಬಿಡುವ ಮೊದಲೇ, ಹೊಣೆ ಖಚಿತವಾದೊಡನೆ ಪರಿಹಾರ ಕೇಳಬಹುದೆಂದು ಮುಂಬಯಿ ಉಚ್ಚ ನ್ಯಾಯಾಲಯವು 1942ರಲ್ಲಿ ಗಜಾನನ ಮೋರೇಶ್ವರ ಪರೇಲ್ಕರ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

== ಮಿತಿಗಳು ==
ಮಾಲೀಕನ ಸ್ವಂತ ನಿರ್ಲಕ್ಷ್ಯದ ನಷ್ಟವನ್ನೂ ಗುತ್ತಿಗೆದಾರನ ತಲೆಗೆ ಕಟ್ಟುವ ಷರತ್ತುಗಳನ್ನು ಅಮೆರಿಕದ ಹಲವು ರಾಜ್ಯಗಳು ವಿಶೇಷ ಕಾಯಿದೆಗಳ ಮೂಲಕ ನಿರ್ಬಂಧಿಸಿವೆ. ಭಾರತದಲ್ಲಿ ಅಂಥ ಪ್ರತ್ಯೇಕ ಕಾಯಿದೆಯಿಲ್ಲ. ಕಾನೂನುಬಾಹಿರ ಅಥವಾ ಸಾರ್ವಜನಿಕ ನೀತಿಗೆ ವಿರುದ್ಧವಾದ ಉದ್ದೇಶದ ಕರಾರು ಅನೂರ್ಜಿತವೆನ್ನುವ 23ನೆಯ ಕಲಮೇ ಇಲ್ಲಿ ಮುಖ್ಯ ಆಧಾರ.

ಅತ್ಯಂತ ಗಟ್ಟಿಯಾದ ಮಿತಿ ಕಾರ್ಮಿಕನಿಗೆ ಸಂಬಂಧಿಸಿದ್ದು. ಮುಖ್ಯ ಗುತ್ತಿಗೆದಾರನೊಬ್ಬನು ಕೆಲಸದ ಒಂದು ಭಾಗವನ್ನು ಉಪಗುತ್ತಿಗೆಗೆ ಕೊಟ್ಟಿದ್ದಾನೆ. ಸಾರುವೆ ಮುರಿದು ಕೂಲಿಯಾಳು ಗಾಯಗೊಳ್ಳುತ್ತಾನೆ ಎಂದುಕೊಳ್ಳೋಣ. 1923ರ ಕಾರ್ಮಿಕರ ಪರಿಹಾರ ಅಧಿನಿಯಮದ 12ನೆಯ ಕಲಮಿನಂತೆ ಅವನು ಮುಖ್ಯ ಗುತ್ತಿಗೆದಾರನಿಂದಲೇ ಪರಿಹಾರ ಪಡೆಯಬಹುದಾಗಿತ್ತು. ಕೊಟ್ಟ ಹಣವನ್ನು ಉಪಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಆನಂತರದ ಮಾತು; ನಷ್ಟಭರ್ತಿಗೆ ನಿಜವಾದ ಸ್ಥಾನವಿರುವುದು ಅಲ್ಲಿಯೇ. ಆದ್ದರಿಂದ "ನಿನ್ನ ಮೇಸ್ತ್ರಿಯನ್ನೇ ಕೇಳಿಕೋ" ಎಂಬ ವಾಡಿಕೆಯ ಉತ್ತರಕ್ಕೆ ಕಾನೂನಿನ ಬೆಲೆಯಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಕಾರ್ಮಿಕನಿಂದ ಬರೆಸಿಕೊಂಡ ಕಾಗದವೂ ಆ ಅಧಿನಿಯಮದ 17ನೆಯ ಕಲಮಿನಂತೆ ನಿರರ್ಥಕವಾಗಿತ್ತು. ಈ ತತ್ತ್ವಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ.

== ತಪ್ಪನ್ನು ನಿರ್ಣಯಿಸುವವರು ==
ಇನ್ನೊಂದು ಮಿತಿ ಕರ್ನಾಟಕದ್ದೇ ಮೊಕದ್ದಮೆಯಿಂದ ಬಂದದ್ದು. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಜೊತೆಗಿನ ಕರಾರಿನಲ್ಲಿ, ಷರತ್ತು ಮುರಿದರೆ ನಷ್ಟವೆಷ್ಟೆಂದು ಸರಕಾರವೇ ಗೊತ್ತುಪಡಿಸಬಹುದೆಂದಿತ್ತು. ಷರತ್ತು ಮುರಿದದ್ದು ನಿರ್ವಿವಾದವಾಗಿದ್ದರೆ ಮಾತ್ರ ಆ ಅಧಿಕಾರ ಸಲ್ಲುತ್ತದೆ, ಮುರಿದಿದೆಯೇ ಎಂಬುದೇ ವಿವಾದವಾದಾಗ ಪಕ್ಷಗಾರನೇ ತನ್ನ ವ್ಯಾಜ್ಯಕ್ಕೆ ನ್ಯಾಯಾಧೀಶನಾಗಲಾರನು ಎಂದು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಹೇಳಿತು. ಅದು ಅಕ್ಕಿಗಿರಣಿಯ ವ್ಯವಹಾರವಾದರೂ, ಗುವಾಹಟಿ ವಿಮಾನ ನಿಲ್ದಾಣದ ಕಾಮಗಾರಿಗೆ ಸಂಬಂಧಿಸಿದ ಜೆ. ಜಿ. ಎಂಜಿನಿಯರ್ಸ್ ಮೊಕದ್ದಮೆಯಲ್ಲಿ (2011) ಅದೇ ತತ್ತ್ವ ಅನ್ವಯವಾಯಿತು. ಗುತ್ತಿಗೆದಾರನ ತಪ್ಪೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದ್ದಲ್ಲಿ ಅದನ್ನು ನಿರ್ಣಯಿಸುವ ಅಧಿಕಾರ ನ್ಯಾಯಾಲಯದ್ದು ಅಥವಾ ಮಧ್ಯಸ್ಥಗಾರನದು.