ಬುಲೆಟ್ ಕೆಟ್ರೆ ಮದ್ರಾಸು, ಯೆಜ್ಡಿ ಕೆಟ್ರೆ ಯಾದವಗಿರಿ

ಹಳೇ ಲೆಕ್ಕ | ಈ ವಾರ: ದೂರದ ದಾರಿಗೆ ಯಾವ ಗಾಡಿ?

1/5
ಮೊದಲನೇ ಫೋಟೋದಲ್ಲಿ ಇರೋದು ನಮ್ಮ ತಾತನ ಯೆಜ್ಡಿ ರೋಡ್‌ಕಿಂಗ್. 1983ರಲ್ಲಿ ತಗೊಂಡಿದ್ದು. ಧೂಳು ಒರೆಸಿಯೇ ಫೋಟೋ ತೆಗೆದಿದ್ದೀನಿ, ಬೈಬೇಡಿ.

ಆರನೇ ಸೆಮ್ ಎಕ್ಸಾಮ್ ಮುಗಿದ ಮೇಲೆ ಮೈಸೂರಿಂದ ಕಾರವಾರಕ್ಕೆ ಬೈಕಲ್ಲಿ ಹೋಗ್ತೀನಿ ಅಂತ ಹೋದ ವಾರ ಹೇಳಿದ್ದೆ. ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಮಂಗಳೂರು, ಅಲ್ಲಿಂದ ಕಡಲ ಪಕ್ಕದಲ್ಲೇ ಉತ್ತರಕ್ಕೆ. ಹೋಗೋದೇ ಐನೂರು ಕಿಲೋಮೀಟರಿಗೂ ಮೇಲೆ. ಕಾಮೆಂಟಲ್ಲಿ ಅರ್ಧ ಜನ ‘ಹಿಮಾಲಯನ್ ತಗೋ’ ಅಂದ್ರಿ, ಇನ್ನರ್ಧ ಜನ ‘ಲಾಂಗ್ ರೈಡ್ ಅಂದ್ರೆ ಬುಲೆಟ್ಟೇ’ ಅಂದ್ರಿ. ಮನೇಲಿ ಬೇರೆ ಕಥೆ ನಡೀತಿದೆ. ರೋಡ್‌ಕಿಂಗ್‌ಗೆ ಬೆಂಗಳೂರಿನ ಒಬ್ಬರು ಒಳ್ಳೇ ರೇಟ್ ಹೇಳಿದ್ದಾರೆ. ಅದನ್ನ ಮಾರಿ ಇನ್ನೊಂಚೂರು ಸೇರಿಸಿದ್ರೆ ಸೆಕೆಂಡ್ ಹ್ಯಾಂಡ್ ಹಿಮಾಲಯನ್ ಬರತ್ತೆ ಅನ್ನೋದು ಅಮ್ಮನ ಲೆಕ್ಕ. ಭಾನುವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ತಾತ ಮಾತ್ರ ‘ಓಡಿಸೋಳು ನೀನು, ನೀನೇ ನೋಡ್ಕೋ’ ಅಂದು ಪೇಪರ್ ಹಿಡ್ಕೊಂಡು ಕೂತ್ರು.

ನಾನು ಬಿಡಲಿಲ್ಲ. ‘1983ರಲ್ಲಿ ನೀವು ಬುಲೆಟ್ ಯಾಕೆ ತಗೊಳ್ಳಲಿಲ್ಲ?’ ಅಂತ ಕೇಳಿದೆ. ಅವರು ಹೇಳಿದ್ದೇ ಈ ಪೋಸ್ಟಿನ ಹೆಡ್ಡಿಂಗ್. ಅದು ತಮಾಷೆಗೆ ಹೇಳಿದ ಮಾತು ಅಂದ್ಕೊಂಡಿದ್ದೆ. ಓದ್ತಾ ಹೋದ ಹಾಗೆ, ನಲವತ್ತು ವರ್ಷದ ಇತಿಹಾಸ ಆ ಒಂದು ಸಾಲಲ್ಲೇ ಇದೆ ಅನ್ನಿಸ್ತು.

2/5
ಮೊದಲು ಬುಲೆಟ್. ರಾಯಲ್ ಎನ್‌ಫೀಲ್ಡ್ ಹುಟ್ಟಿದ್ದು ಇಂಗ್ಲೆಂಡಿನ ರೆಡಿಚ್ ಅನ್ನೋ ಊರಲ್ಲಿ. 1950ರ ದಶಕದ ಮೊದಲರ್ಧದಲ್ಲಿ ನಮ್ಮ ಸೈನ್ಯಕ್ಕೆ ಗಡಿ ಕಾಯೋ ಕೆಲಸಕ್ಕೆ ಗಟ್ಟಿ ಮೋಟಾರ್‌ಸೈಕಲ್ ಬೇಕಾಗಿತ್ತು. ಆರಿಸಿಕೊಂಡದ್ದು 350 ಸಿಸಿ ಬುಲೆಟ್. 1955ರಲ್ಲಿ ರೆಡಿಚ್ ಕಂಪನಿ ಮತ್ತು ಮದ್ರಾಸ್ ಮೋಟಾರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಮಾಡಿದರು. ಫ್ಯಾಕ್ಟರಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ. ಇಂಗ್ಲೆಂಡಿನ ಕಂಪನಿ 1970ರ ಸುಮಾರಿಗೆ ಬಾಗಿಲು ಹಾಕಿತು. ತಿರುವೊಟ್ಟಿಯೂರಿನದ್ದು ನಿಲ್ಲಲೇ ಇಲ್ಲ.

ಇಲ್ಲೊಂದು ವಿಷಯ ಗಮನಿಸಿ. ಬುಲೆಟ್ಟನ್ನ ‘ಟೂರಿಂಗ್ ಬೈಕ್’ ಅಂತ ಯಾರೂ ಮಾರಲಿಲ್ಲ. ಸೈನ್ಯದ ಗಾಡಿ ಅದು, ಪೊಲೀಸರ ಗಾಡಿ ಅದು. ಸೈನ್ಯ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಅದನ್ನ ಬಿಚ್ಚಿ ಜೋಡಿಸೋ ಕೈಗಳೂ ಹೋದವು. 1974ರಲ್ಲಿ ಲಡಾಖ್ ಪ್ರವಾಸಿಗರಿಗೆ ತೆರೆಯೋ ಹೊತ್ತಿಗೆ ಬುಲೆಟ್ ಬೆಟ್ಟ ಹತ್ತಿ ಎಷ್ಟೋ ವರ್ಷ ಆಗಿತ್ತು. ಇವತ್ತು ಲೇಹ್ ರೀಲ್ಸಲ್ಲಿ ನೀವು ನೋಡೋ ‘ಬುಲೆಟ್ ಅಂದ್ರೆ ಬೆಟ್ಟ’ ಅನ್ನೋ ಭಾವನೆಯ ಬೇರು ಅಲ್ಲಿದೆ.

ಇನ್ನು ನಮ್ಮೂರಿನದ್ದು. ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಯಾನೆಚೆಕ್ ಅನ್ನೋರ ಹೆಸರಿನ ‘ಜಾ’, ವಾಂಡರರ್ ಅನ್ನೋ ಜರ್ಮನ್ ಕಂಪನಿಯ ‘ವಾ’, ಎರಡೂ ಸೇರಿ ಜಾವಾ. ಆಮದಿಗೆ ಸರ್ಕಾರ ಕಡಿವಾಣ ಹಾಕಿದಾಗ, ಜಾವಾ ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದವರು ಇಲ್ಲೇ ಮಾಡೋಣ ಅಂತ ಮೈಸೂರಿಗೆ ಬಂದರು. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಶುರುವಾಯಿತು. ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರ್, ಆಗ ಮೈಸೂರು ರಾಜ್ಯದ ರಾಜ್ಯಪಾಲರು. 1973ರಿಂದ ಹೆಸರು ಯೆಜ್ಡಿ ಆಯಿತು, ಇರಾನಿನ ಯಜ್ದ್ ಊರಿನ ನೆನಪಿಗೆ. 1978ರಲ್ಲಿ ರೋಡ್‌ಕಿಂಗ್ ಬಂತು.

ಬಿಕಾಂನವರಿಗೆ ಒಂದು ಮಾತು. ನಾವು ‘ಲೈಸೆನ್ಸ್ ರಾಜ್’ ಅಂತ ಎರಡು ಮಾರ್ಕಿಗೆ ಬರೀತೀವಲ್ಲ, ಅದು ಇದೇ. ಯಾವ ಫ್ಯಾಕ್ಟರಿ ಎಷ್ಟು ಗಾಡಿ ಮಾಡಬೇಕು ಅನ್ನೋದಕ್ಕೂ ಪರವಾನಗಿ ಬೇಕಿತ್ತು. ಬುಲೆಟ್, ಯೆಜ್ಡಿ, ಎಸ್ಕಾರ್ಟ್ಸ್‌ನ ರಾಜದೂತ್. ದೊಡ್ಡ ಮೋಟಾರ್‌ಸೈಕಲ್ ಅಂದ್ರೆ ಹೆಚ್ಚೂ ಕಡಿಮೆ ಅಷ್ಟೇ. ಸ್ಪೆಕ್ ನೋಡಿ, ರಿವ್ಯೂ ನೋಡಿ ಆರಿಸೋ ಭಾಗ್ಯ ನಮ್ಮದು. ಅವರು ನೋಡುತ್ತಿದ್ದದ್ದು ಒಂದೇ: ದಾರೀಲಿ ನಿಂತರೆ ಪಾರ್ಟ್ ಎಲ್ಲಿಂದ ಬರತ್ತೆ?

3/5
ಆದರೂ ಗಾಡಿ ಗಾಡಿಗೆ ವ್ಯತ್ಯಾಸ ಇತ್ತು, ಇದು ನನಗೆ ತುಂಬಾ ಇಷ್ಟವಾದ ಭಾಗ. ಎರಡನೇ ಫೋಟೋ ನೋಡಿ.

ಬುಲೆಟ್ಟಿನ ಸಿಲಿಂಡರ್ ಅಗಲ 70 ಮಿ.ಮೀ., ಪಿಸ್ಟನ್ ಓಡಾಟ 90 ಮಿ.ಮೀ. ಉದ್ದ ಸ್ಟ್ರೋಕು, ಫೋರ್ ಸ್ಟ್ರೋಕ್ ಎಂಜಿನ್. ಅಂದ್ರೆ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ಏಟು. ನಿಧಾನಕ್ಕೆ, ಎಳೆತದ ಮೇಲೆ ಹೋಗೋ ಗಾಡಿ. ಯೆಜ್ಡಿ 65 ಮತ್ತು 75 ಮಿ.ಮೀ., ಟೂ ಸ್ಟ್ರೋಕ್, ಸುತ್ತಿಗೊಂದು ಏಟು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಬುಲೆಟ್ 18 ಅಶ್ವಶಕ್ತಿ, ರೋಡ್‌ಕಿಂಗ್ ಸುಮಾರು 16. ಆದ್ರೆ ಯೆಜ್ಡಿ ತುಂಬಾ ಹಗುರ, ಹಾಗಾಗಿ ಏರಲ್ಲಿ ಅದು ಹಿಂದೆ ಬೀಳೋ ಪೈಕಿ ಅಲ್ಲ. ಕಿಕ್ ಹೊಡೆಯೋ ಲಿವರ್ರೇ ಗೇರ್ ಲಿವರ್ ಕೂಡ. ಮೊದಲ ಸಲ ನೋಡಿದಾಗ ಯಾರೋ ಮುರಿದು ತಪ್ಪಾಗಿ ಜೋಡಿಸಿದ್ದಾರೆ ಅಂದ್ಕೊಂಡಿದ್ದೆ.

ದೂರದ ದಾರಿಗೆ ಟೂ ಸ್ಟ್ರೋಕಿನದ್ದು ಒಂದು ಕಾಟ ಇದೆ. ಎಂಜಿನ್ ಒಳಗಿನ ಬೇರಿಂಗು, ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಯಲ್ಲೇ ಹೋಗಬೇಕು. ಲೀಟರಿಗೆ ಸುಮಾರು 40 ಎಂಎಲ್, ಪ್ರತಿ ಸಲ ಅಳೆದು ಹಾಕಬೇಕು. ಮರೆತರೆ ಎಂಜಿನ್ ಸೀಜ್. ಇನ್ನೊಂದು, ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಜಾರಿಸಿಕೊಂಡು ಹೋದರೆ ಪೆಟ್ರೋಲ್ ನಿಲ್ಲತ್ತೆ, ಅದರ ಜೊತೆ ಆಯಿಲ್ಲೂ ನಿಲ್ಲತ್ತೆ, ಎಂಜಿನ್ ಮಾತ್ರ ಜೋರಾಗಿ ತಿರುಗ್ತಾನೇ ಇರತ್ತೆ. ಅದಕ್ಕೇ ಹಳೇ ಯೆಜ್ಡಿ ಸವಾರರು ಇಳಿಜಾರಲ್ಲೂ ಆಗಾಗ ಒಂಚೂರು ರೈಸ್ ಮಾಡ್ತಾರೆ. ಸಂಪಾಜೇಲಿ ಅಜ್ಜಿಯನ್ನ ಹಿಂದೆ ಕೂರಿಸಿಕೊಂಡು ಇಳಿದಾಗ ತಾತ ಹಂಗೇ ಮಾಡಿದ್ದರಂತೆ. ಅಜ್ಜಿ ‘ಇಳಿಜಾರಲ್ಲಿ ಯಾಕ್ರೀ ಜೋರು ಮಾಡ್ತೀರ’ ಅಂತ ಕಾಲು ದಾರಿ ಬೈದಿದ್ದರಂತೆ.

4/5
ಹಾಗಾದ್ರೆ ಯೆಜ್ಡಿ ಸೋತಿದ್ದು ಎಲ್ಲಿ? ರಸ್ತೇಲಿ ಅಲ್ಲ, ಪೆಟ್ರೋಲ್ ಬಂಕಲ್ಲಿ. 1980ರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆ ಸೇರಿ 100 ಸಿಸಿ ಗಾಡಿಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಲೀಟರಿಗೆ 80 ಕಿಲೋಮೀಟರ್ ಅಂತ ಜಾಹೀರಾತು. ಅದೂ ಫೋರ್ ಸ್ಟ್ರೋಕ್, ಆಯಿಲ್ ಬೆರೆಸೋ ತಲೆನೋವಿಲ್ಲ. ದಿನಾ ಆಫೀಸಿಗೆ ಹೋಗೋರು ಯಾಕೆ ಯೆಜ್ಡಿ ತಗೋತಾರೆ? 1990ರ ದಶಕದಲ್ಲಿ ಹೊಗೆಯ ನಿಯಮಗಳು ಬಂದು ಬಿಗಿಯಾದವು. ಆಯಿಲ್ ಸುಡೋ ಎಂಜಿನ್ನಿಗೆ ಅದು ದೊಡ್ಡ ಏಟು. 1996ರಲ್ಲಿ ಯಾದವಗಿರಿ ಫ್ಯಾಕ್ಟರಿ ಮುಚ್ಚಿತು.

ಬುಲೆಟ್ ಉಳಿದದ್ದು ಜಾಸ್ತಿ ಚೆನ್ನಾಗಿತ್ತು ಅಂತಲ್ಲ. ಅದೂ ಹೋಗೋದರಲ್ಲಿತ್ತು. 1994ರ ಹೊತ್ತಿಗೆ ಐಷರ್ ಕೈಗೆ ಬಂತು, 2000ದ ಸುಮಾರಿಗೆ ಅವರೂ ಮುಚ್ಚೋ ಯೋಚನೆ ಮಾಡಿದ್ದರು. ಸಿದ್ಧಾರ್ಥ ಲಾಲ್ ಒಂದು ಅವಕಾಶ ಕೊಡಿ ಅಂತ ಹಿಡಿದು ನಿಂತರು. ಮೊದಲಿಂದಲೂ ಫೋರ್ ಸ್ಟ್ರೋಕ್ ಆಗಿದ್ದದ್ದು, ಸೈನ್ಯದ ಗಿರಾಕಿ ಇದ್ದದ್ದು ಅದರ ಅದೃಷ್ಟ ಅಂತ ನನ್ನ ಅಭಿಪ್ರಾಯ. ಬುಲೆಟ್ ಫ್ಯಾನ್ಸ್ ಜಗಳಕ್ಕೆ ಬನ್ನಿ, ಪರವಾಗಿಲ್ಲ.

5/5
ಈಗ ನನ್ನ ಲೆಕ್ಕ. 2016ರಲ್ಲಿ ಬಂದ ಹಿಮಾಲಯನ್ 411 ಸಿಸಿ, 15 ಲೀಟರ್ ಟ್ಯಾಂಕ್, ಸೀಟ್ ಎತ್ತರ 800 ಮಿ.ಮೀ. ದೂರದ ದಾರಿಗೆ ಅಂತಲೇ ಮಾಡಿದ್ದು, ಅದರಲ್ಲಿ ಮಾತೇ ಇಲ್ಲ. ಫ್ರೆಂಡ್ ಒಬ್ಬಳ ಅಣ್ಣನದ್ದು ಓಡಿಸಿ ನೋಡಿದೆ. ಓಡುವಾಗ ಸೋಫಾ ಮೇಲೆ ಕೂತ ಹಾಗಿತ್ತು. ನಿಲ್ಲಿಸಿದಾಗ, ಐದಡಿ ಎರಡಿಂಚಿನ ನಾನು, ಸುಮಾರು ಇನ್ನೂರು ಕೆಜಿ ಗಾಡಿ, ತುದಿಗಾಲು. ರೋಡ್‌ಕಿಂಗ್ ಮೇಲೆ ಎರಡೂ ಪಾದ ನೆಲಕ್ಕೆ ತಾಗತ್ತೆ.

ಆದ್ರೆ ತಾತನ ಮಾತನ್ನ ತಾತನ ಗಾಡಿಗೇ ಹಾಕಿ ನೋಡಿದ್ರೆ ಅದು ಸೋಲತ್ತೆ. ಯಾದವಗಿರಿಯಲ್ಲಿ ಫ್ಯಾಕ್ಟರಿ ಇಲ್ಲ. ಹಿಮಾಲಯನ್‌ಗೆ ಕರಾವಳಿ ಉದ್ದಕ್ಕೂ ಸರ್ವಿಸ್ ಸೆಂಟರ್ ಸಿಗತ್ತೆ. ಇದನ್ನೇ ತಾತನಿಗೆ ಹೇಳಿದೆ. ಪೇಪರ್ ಮಡಚಿಟ್ಟು, ಎದ್ದು ಹೋಗಿ ಒಂದು ಹಳೇ ಬಿಸ್ಕೆಟ್ ಡಬ್ಬಿ ತಂದ್ರು. ಕ್ಲಚ್ ಕೇಬಲ್ ಎರಡು, ಆಕ್ಸಿಲರೇಟರ್ ಕೇಬಲ್, ಒಂದು ಜೊತೆ ಪಾಯಿಂಟ್, ಕಂಡೆನ್ಸರ್, ಪ್ಲಗ್, ಚೈನ್ ಲಾಕ್. ಮೂರನೇ ಫೋಟೋ ಅದೇ. ‘ಇಷ್ಟನ್ನ ನೀನೇ ಬದಲಾಯಿಸೋದು ಕಲಿತರೆ ಮಾರಬೇಡ, ಆಗಲ್ಲ ಅಂದ್ರೆ ಮಾರು’ ಅಂದ್ರು.

ಕ್ಲಚ್ ಕೇಬಲ್ ಮೊನ್ನೆ ನಾನೇ ಹಾಕಿದೆ, ಒಂದೂವರೆ ಗಂಟೆ ಹಿಡೀತು. ಪಾಯಿಂಟ್ ಗ್ಯಾಪ್ ಇನ್ನೂ ಸರಿಯಾಗಿ ಕೂರ್ತಿಲ್ಲ. ಆದರೂ ಬೆಂಗಳೂರಿನವರಿಗೆ ಫೋನ್ ಮಾಡಿ ಸದ್ಯಕ್ಕೆ ಇಲ್ಲ ಅಂದಿದ್ದೀನಿ. ಅಮ್ಮ ಇವತ್ತು ಬೆಳಗ್ಗೆಯಿಂದ ಮಾತಾಡ್ತಿಲ್ಲ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಮೈಸೂರು, ಮಡಿಕೇರಿ ಕಡೆ ಯೆಜ್ಡಿ ಗೊತ್ತಿರೋ ಮೆಕ್ಯಾನಿಕ್‌ಗಳ ನಂಬರ್ ಸಿಕ್ಕಿದೆ. ಸುಳ್ಯದಿಂದ ಮುಂದೆ ಒಬ್ಬರೂ ಗೊತ್ತಿಲ್ಲ. ಮಂಗಳೂರು, ಕುಂದಾಪುರ, ಭಟ್ಕಳ, ಹೊನ್ನಾವರ, ಅಂಕೋಲಾದವರು ಯಾರಿದ್ದೀರಿ? ನಿಮ್ಮೂರಲ್ಲಿ ಇವತ್ತಿಗೂ ಯೆಜ್ಡಿಗೆ ಕೈ ಹಾಕೋ ಹಳೇ ಮೇಸ್ತ್ರಿ ಇದ್ದರೆ ಡಿಎಂ ಮಾಡಿ. ವಯಸ್ಸಾಗಿ ಅಂಗಡಿ ಮುಚ್ಚಿದವರಾದ್ರೂ ಪರವಾಗಿಲ್ಲ, ಮನೆ ಹತ್ರಾನೇ ಹೋಗ್ತೀನಿ.

#ಹಳೇಲೆಕ್ಕ #ಯೆಜ್ಡಿ #ಮೈಸೂರು