ಸ್ಥಳನಿರ್ದೇಶನದ ಕ್ರಮ: ಪಶ್ಚಿಮ ಬೆಂಗಳೂರಿನ ಹೆಸರುಗಳು ಮತ್ತು ವಿಳಾಸಗಳು

ಸ್ಥಳವನ್ನು ಸೂಚಿಸುವಾಗ ಕನ್ನಡದಲ್ಲಿ ಆಧಾರವಾಗುವ ವಸ್ತು ಮೊದಲು, ಅದರೊಡನೆ ಇರುವ ಸಂಬಂಧ ಅನಂತರ ಬರುತ್ತದೆ: ‘ಕೆರೆಯ ಪಡುವಲು’, ‘ಮರದ ಕೆಳಗೆ’. ಕನ್ನಡದೊಡನೆ ವಂಶಸಂಬಂಧ ಸಿದ್ಧಪಡದ ಜಪಾನಿ ಭಾಷೆಯಲ್ಲಿಯೂ ಕ್ರಮ ಇದೇ ಆಗಿದೆ. ‘ಕಿ ನೊ ಶಿತ’ ಎಂದರೆ ಮರದ ಕೆಳಗೆ. ‘ಎಕಿ ನೊ ನಿಶಿ’ ಎಂದರೆ ನಿಲ್ದಾಣದ ಪಡುವಲು. ಇಲ್ಲಿ ‘ನೊ’ ಎಂಬುದು ಷಷ್ಠೀ ವಿಭಕ್ತಿಯ ಕಾರ್ಯವನ್ನು ನಿರ್ವಹಿಸುತ್ತದೆ. ಇಂಗ್ಲಿಷಿನಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಇದರ ಪರಿಣಾಮವನ್ನು ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಗುರುತಿಸಬಹುದು.

ಕನ್ನಡದ ದಾನಶಾಸನಗಳು ಭೂಮಿಯ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲುಗಳಲ್ಲಿರುವ ಕೆರೆ, ಹಳ್ಳ, ಕಲ್ಲುಗಳ ಮೂಲಕ ನಿರ್ದೇಶಿಸುತ್ತವೆ. ಮೂಡಲು ಎಂಬುದು ಸೂರ್ಯನು ಮೂಡುವ, ಪಡುವಲು ಎಂಬುದು ಅವನು ಮುಳುಗುವ ದಿಕ್ಕು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ ಮೊದಲಾದ ಗ್ರಾಮನಾಮಗಳಲ್ಲಿಯೂ ಷಷ್ಠಿಯ ಪದ ಮೊದಲು, ನೆಲೆಯ ಪದ ಕೊನೆಗೆ ಬರುತ್ತದೆ.

1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. 1949ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರಿನ ರಾಜಾಜಿನಗರಕ್ಕೆ ಅಸ್ತಿವಾರ ಬಿದ್ದಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಮಂಡಲಿಯ ಸ್ಥಾನಕ್ಕೆ ಬಂದಿತು. ಈ ಯೋಜಿತ ಬಡಾವಣೆಗಳಲ್ಲಿ ಕೆರೆ, ಕಲ್ಲುಗಳ ಬದಲಿಗೆ ಬ್ಲಾಕ್, ಹಂತ, ಮುಖ್ಯರಸ್ತೆ, ಅಡ್ಡರಸ್ತೆಗಳ ಸಂಖ್ಯೆಗಳು ಗುರುತುಗಳಾದವು. ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂಬ ಹೆಸರು ಇಲ್ಲಿ ವಿಶೇಷವಾಗಿ ಗಮನಾರ್ಹ. ಕನ್ನಡದ ಕ್ರಮದಲ್ಲಿ ಅದು ‘ಕಾರ್ಡ್ ರಸ್ತೆಯ ಪಡುವಲು’. ಪದಗಳ ಅನುಕ್ರಮವನ್ನು ಹಾಗೆಯೇ ಉಳಿಸಿ ‘ಪಶ್ಚಿಮ ಕಾರ್ಡ್ ರಸ್ತೆ’ ಎಂದರೆ ಪ್ರದೇಶದ ಹೆಸರು ರಸ್ತೆಯ ಹೆಸರಾಗಿ ಮಾರ್ಪಡುತ್ತದೆ, ಅರ್ಥವೇ ಪಲ್ಲಟವಾಗುತ್ತದೆ.

ವಿಳಾಸದಲ್ಲಿಯೂ ಇದೇ ವೈರುಧ್ಯವಿದೆ. ಲಕೋಟೆಯ ಮೇಲೆ ಮನೆಯ ಸಂಖ್ಯೆ ಮೊದಲು, ನಗರ ಕೊನೆಗೆ. ಮಾತಿನಲ್ಲಿಯಾದರೋ ‘ರಾಜಾಜಿನಗರದ ಆರನೆಯ ಬ್ಲಾಕಿನ ಎರಡನೆಯ ಅಡ್ಡರಸ್ತೆಯ ಮೂರನೆಯ ಮನೆ’ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದು ಕನ್ನಡಕ್ಕೆ ಸಹಜ. ಜಪಾನಿನ ಲಿಖಿತ ವಿಳಾಸವೂ ಹೀಗೆಯೇ ಪ್ರಾಂತ, ನಗರ, ‘ಚೋಮೆ’ ಎಂಬ ವಿಭಾಗ, ಅನಂತರ ಮನೆ ಎಂಬ ಕ್ರಮದಲ್ಲಿದೆ. ಅಲ್ಲಿ 1962ರಲ್ಲಿ ನಿವಾಸ ವಿಳಾಸಗಳ ಕಾಯಿದೆ ಬಂದು ಸಂಖ್ಯಾಪದ್ಧತಿ ಪರಿಷ್ಕೃತವಾದ ಮೇಲೆಯೂ ಈ ಅನುಕ್ರಮ ಕೆಡಲಿಲ್ಲ.

ಸಂಖ್ಯಾಪದ್ಧತಿ ಭಾಷೆಯ ಸ್ಥಳಪ್ರಜ್ಞೆಗೆ ಬಾಧಕವಲ್ಲವೆಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಕನ್ನಡ ರೂಪ ಕೊಡುವಾಗ ಪದಗಳಂತೆ ಅವುಗಳ ಕ್ರಮವೂ ಕನ್ನಡದ್ದಾಗಬೇಕು. ಇಲ್ಲವಾದಲ್ಲಿ ಕನ್ನಡ ಲಿಪಿಯ ಫಲಕವೇ ಕನ್ನಡಿಗನಿಗೆ ಬೇರೊಂದು ಸ್ಥಳವನ್ನು ತೋರಿಸೀತು.